ಬಿಸ್ಕೆಟ್, ದೋಸೆ ಮತ್ತು ತಿಂಗಳ ಪೆಟ್ಟಿಗೆ

ನನ್ನ ಮಗಳ ಮನೆಗೆ ತಿಂಗಳಿಗೊಂದು ಸಲ ಟಪಾಲಿನಲ್ಲಿ ಹುಲ್ಲು ಬರುತ್ತದೆ. ಸಾಗರಕ್ಕೆ ಮರಳಿದ ಮೇಲೆ ಮಹಿಳಾ ಸಮಾಜದಲ್ಲಿ ಈ ಮಾತು ಹೇಳಿದಾಗ ಎಲ್ಲರೂ ನಕ್ಕುಬಿಟ್ಟರು. "ಅಮೆರಿಕದಲ್ಲಿ ದನ ಕಟ್ಟಿದ್ದಾಳೇನ್ರೀ ನಿಮ್ಮ ಮಗಳು?" ಎಂದು ಒಬ್ಬರು ಕೇಳಿದರು. ದನವಲ್ಲ, ಗಿನಿಪಿಗ್ಗು ಎಂದೆ. "ಅದೇ, ಪ್ರಯೋಗಶಾಲೆಯಲ್ಲಿ ಇಂಜೆಕ್ಷನ್ ಚುಚ್ಚುತ್ತಾರಲ್ಲ, ಅದಾ?" ಎಂದರು. ಹೌದು, ಅದೇ. ನಮಗೆಲ್ಲ ಆ ಪ್ರಾಣಿಯ ಪರಿಚಯ ಅಷ್ಟೇ. ಶಾಲೆಯಲ್ಲಿ ಪಠ್ಯಪುಸ್ತಕ ಬದಲಾದಾಗಲೆಲ್ಲ "ಮಕ್ಕಳನ್ನು ಗಿನಿಪಿಗ್ ಮಾಡಿಬಿಟ್ಟಿದ್ದಾರೆ" ಎಂದು ಗೊಣಗುತ್ತೇವೆಯೇ ಹೊರತು, ಅದಕ್ಕೆ ಒಣಗಿದ ಗುಲಾಬಿ ಪಕಳೆ ಎಂದರೆ ಪ್ರಾಣ, ಫ್ರಿಜ್ಜಿನ ಬಾಗಿಲು ತೆಗೆದ ಸದ್ದಿಗೆ ಅದು ಸೀಟಿ ಹೊಡೆಯುತ್ತದೆ ಎಂದು ನಮಗೇನು ಗೊತ್ತು? ನನಗೂ 2023ರ ಅಕ್ಟೋಬರಿನವರೆಗೆ ಗೊತ್ತಿರಲಿಲ್ಲ.

ಆ ತಿಂಗಳು ನಾನು ಒಹಾಯೋ ರಾಜ್ಯದ ಕೊಲಂಬಸ್ಸಿನಲ್ಲಿರುವ ಮಗಳ ಮನೆಗೆ ಹೋದೆ. ವೀಸಾದವರು ಕೊಟ್ಟದ್ದು ಆರು ತಿಂಗಳು. ಇಪ್ಪತ್ತೆರಡು ಗಂಟೆ ಪ್ರಯಾಣ ಮಾಡಿ, ಕಾಲು ಊದಿಸಿಕೊಂಡು ಒಳಗೆ ಕಾಲಿಟ್ಟರೆ, ಒಂಬತ್ತು ವರ್ಷದ ಮೊಮ್ಮಗಳು ನನ್ನ ಕೈ ಹಿಡಿದು ಎಳೆದುಕೊಂಡು ಹೋದದ್ದು ನನಗೆಂದು ಸಜ್ಜುಮಾಡಿದ ಕೋಣೆಗಲ್ಲ. ಊಟದ ಮನೆಯ ಮೂಲೆಯಲ್ಲಿದ್ದ, ಒಂದು ಮಂಚದಷ್ಟು ಅಗಲದ ತಂತಿಯ ಆವರಣಕ್ಕೆ. ಅದರೊಳಗೆ ಎರಡು ಪ್ರಾಣಿ. ಇಲಿ ಎನ್ನೋಣವೆಂದರೆ ಬಾಲವಿಲ್ಲ, ಮೊಲ ಎನ್ನೋಣವೆಂದರೆ ಕಿವಿಯಿಲ್ಲ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ದೇವರು ಕೆಲಸದ ನಡುವೆ ಬೇರೆ ಯಾರೋ ಕರೆದರೆಂದು ಎದ್ದುಹೋದ ಹಾಗೆ.

"ಅಜ್ಜಿ, ಇದು ಬಿಸ್ಕೆಟ್. ಇದು ವ್ಯಾಫಲ್" ಎಂದಳು ಪುಟ್ಟಿ. ವ್ಯಾಫಲ್ ಎಂದರೇನೆಂದು ಮಗಳನ್ನು ಕೇಳಿದೆ. ಅಲ್ಲಿಯವರು ಬೆಳಗ್ಗೆ ತಿನ್ನುವ, ಚೌಕಳಿ ಚೌಕಳಿಯಾದ ಸಿಹಿ ದೋಸೆಯಂತೆ. ಹಾಗಾದರೆ ನನಗೆ ಅದು ದೋಸೆ ಎಂದೆ. ಪುಟ್ಟಿ ಮೊದಲು ಮುಖ ಗಂಟು ಹಾಕಿದಳು, ಆಮೇಲೆ ಒಪ್ಪಿದಳು. ಬಿಸ್ಕೆಟ್ಟಿಗೆ ನಮ್ಮಲ್ಲೂ ಬಿಸ್ಕೆಟ್ಟೇ ಆದ್ದರಿಂದ ಅದರ ಹೆಸರು ಉಳಿಯಿತು.

ನಾನು ಹೋದ ನಾಲ್ಕನೆಯ ದಿನ ಪೆಟ್ಟಿಗೆ ಬಂತು. ಬಾಗಿಲ ಮುಂದೆ ಯಾರೋ ಇಟ್ಟು ಹೋಗಿದ್ದರು. ಅಲ್ಲಿ ಹಾಗೆಯೇ, ಕರೆಗಂಟೆ ಒತ್ತುವಷ್ಟೂ ವ್ಯವಧಾನವಿಲ್ಲ. ಶಾಲೆಯಿಂದ ಬಂದ ಪುಟ್ಟಿ ಚೀಲವನ್ನು ಅಲ್ಲೇ ಬಿಸಾಡಿ, ಪೆಟ್ಟಿಗೆಯನ್ನು ನೆಲಕ್ಕಿಟ್ಟುಕೊಂಡು ಕತ್ತರಿಗಾಗಿ ಕೂಗತೊಡಗಿದಳು. ಮೇಲೆ ಒಂದು ಬಣ್ಣದ ಕಾರ್ಡು. ಅದರಲ್ಲಿ ಅಚ್ಚಾಗಿತ್ತು: ಬಿಸ್ಕೆಟ್ ಮತ್ತು ವ್ಯಾಫಲ್ ಅವರಿಗೆ, ಪ್ರೀತಿಯಿಂದ. ಒಳಗೆ ಕುಂಬಳಕಾಯಿಯ ಆಕಾರದಲ್ಲಿ ಹೆಣೆದ ಹುಲ್ಲಿನ ಚೆಂಡು. ನಮ್ಮಲ್ಲಿ ಬೆತ್ತದ ಬುಟ್ಟಿ ಹೆಣೆದ ಹಾಗೆ ವಿಲೋ ಮರದ ಎಳೆ ಕಡ್ಡಿಯಿಂದ ಮಾಡಿದ ಒಂದು ಗೂಡು. ಕಡಿಯುವುದಕ್ಕೆಂದು ಸೇಬಿನ ಮರದ ಕಡ್ಡಿಗಳ ಒಂದು ಸಿವುಡು. ಪುಟ್ಟ ಚೀಲದಲ್ಲಿ ಒಣಗಿದ ಗುಲಾಬಿ ಪಕಳೆ, ಚೆಂಡುಹೂವಿನಂಥದೇ ಒಂದು ಹಳದಿ ಹೂವು. ಹುಲ್ಲನ್ನೇ ಒತ್ತಿ ಮಾಡಿದ ಬಿಸ್ಕತ್ತು. ಮಲಗುವುದಕ್ಕೆ ಮೆತ್ತನೆಯ ಬಟ್ಟೆಯ ಒಂದು ಸುರಂಗ. ಕೊನೆಯಲ್ಲಿ ಒಂದು ಚೀಲ ಹುಲ್ಲು.

"ಎಷ್ಟೇ ಇದಕ್ಕೆ?" ಎಂದೆ.

"ಕೇಳಬೇಡಮ್ಮ."

"ಪರವಾಗಿಲ್ಲ, ಹೇಳು."

"ತಿಂಗಳಿಗೆ ಇಪ್ಪತ್ತೆಂಟು ಡಾಲರ್."

ಅಮೆರಿಕಕ್ಕೆ ಹೋದ ಅಮ್ಮಂದಿರಿಗೆಲ್ಲ ಇರುವ ರೋಗ ನನಗೂ ಇತ್ತು. ಆಗ ಡಾಲರಿಗೆ 83 ರೂಪಾಯಿ. ಮನಸ್ಸಿನಲ್ಲೇ ಗುಣಿಸಿದೆ. 2,324 ರೂಪಾಯಿ! ತಿಂಗಳು ತಿಂಗಳು! ನಮ್ಮ ತವರಿನಲ್ಲಿ ಮಳೆಗಾಲ ಮುಗಿದ ಮೇಲೆ ಬ್ಯಾಣದ ಕರಡ ಕೊಯ್ದು, ಹೊರೆಗಟ್ಟಿ, ಕೊಟ್ಟಿಗೆಯ ಅಟ್ಟ ತುಂಬುತ್ತಿದ್ದರು. ಆ ಹುಲ್ಲಿನ ಮೇಲೆ ಹಾರಿ ಹಾರಿ ಬಿದ್ದು ಮೈ ತುರಿಸಿಕೊಂಡು ಅಮ್ಮನಿಂದ ಬೈಸಿಕೊಂಡವಳು ನಾನು. ಆ ಹುಲ್ಲಿಗೆ ಬೆಲೆಯಿದೆ ಎಂದೇ ಯಾರಿಗೂ ಅನ್ನಿಸಿರಲಿಲ್ಲ. ಇಲ್ಲಿ ನೋಡಿದರೆ ಹಿಡಿ ಹುಲ್ಲಿಗೆ ಕಾರ್ಡು, ಬಣ್ಣದ ಕಾಗದ, ಪ್ರೀತಿಯಿಂದ ಎಂಬ ಒಕ್ಕಣೆ!

"ಇಲ್ಲಿ ಎಲ್ಲದಕ್ಕೂ ಇಂಥ ಪೆಟ್ಟಿಗೆ ಇದೆಯಮ್ಮ" ಎಂದು ಮಗಳು ಸಮಾಧಾನ ಹೇಳಿದಳು. 2010ರಲ್ಲಿ ನ್ಯೂಯಾರ್ಕಿನಲ್ಲಿ ಇಬ್ಬರು ಹೆಣ್ಣುಮಕ್ಕಳು ಬರ್ಚ್‌ಬಾಕ್ಸ್ ಎಂಬುದನ್ನು ಆರಂಭಿಸಿದರಂತೆ. ತಿಂಗಳಿಗೆ ಹತ್ತು ಡಾಲರ್ ಕಟ್ಟಿದರೆ ಮುಖಕ್ಕೆ ಹಚ್ಚುವ ಕ್ರೀಮು, ತುಟಿಯ ಬಣ್ಣ ಮುಂತಾದವುಗಳ ಸಣ್ಣ ಸಣ್ಣ ಮಾದರಿಗಳು ಮನೆಗೆ ಬರುತ್ತಿದ್ದವು. ಅದು ಹೆಸರು ಮಾಡಿದ್ದೇ ತಡ, ನಾಯಿಗೆ ಪೆಟ್ಟಿಗೆ, ಬೆಕ್ಕಿಗೆ ಪೆಟ್ಟಿಗೆ, ಕಾಲುಚೀಲದ ಪೆಟ್ಟಿಗೆ, ಚಹಾದ ಪೆಟ್ಟಿಗೆ. ಕೊನೆಗೆ ಮೊಲ, ಗಿನಿಪಿಗ್ಗುಗಳವರೆಗೂ ಬಂತು. ಏನು ಬರುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲ, ಅದೇ ಅದರ ಮಜವಂತೆ.

ಹೀಗೆ ಹೇಳಿದರೆ ನನಗೆ ತಿಳಿಯದ ವಿಷಯವೇನಲ್ಲ. ನಾವೂ ವಾರಪತ್ರಿಕೆಗೆ ಚಂದಾ ಕಟ್ಟಿ ಗುರುವಾರ ಪೋಸ್ಟ್‌ಮನ್ನಿನ ದಾರಿ ಕಾದವರೇ. ಇದು ಗಿನಿಪಿಗ್ಗಿನ ಚಂದಾ ಎಂದುಕೊಂಡೆ. ಆದರೆ ಏನು ಬರುತ್ತದೆಂದು ಗೊತ್ತಿಲ್ಲದ ಪೆಟ್ಟಿಗೆ ಎಂದಾಗ ನನಗೆ ನೆನಪಾದದ್ದು ಬೇರೆ. ಮದುವೆಯಾದ ಹೊಸದರಲ್ಲಿ ನಾವು ದಾವಣಗೆರೆಯಲ್ಲಿದ್ದೆವು. ಅಮ್ಮ ತಿಂಗಳಿಗೋ ಒಂದೂವರೆ ತಿಂಗಳಿಗೋ ಒಂದು ಸಲ ಸಾಗರದ ಬಸ್ಸಿನ ಕಂಡಕ್ಟರರ ಕೈಯಲ್ಲಿ ರಟ್ಟಿನ ಡಬ್ಬ ಕಳಿಸುತ್ತಿದ್ದಳು. ಹಲಸಿನ ಹಪ್ಪಳ, ಅಪ್ಪೆಮಿಡಿ, ಬಾಟಲಿಯಲ್ಲಿ ಜೋನಿಬೆಲ್ಲ, ಸಂದಿಯಲ್ಲಿ ತುರುಕಿದ ಕೆಸುವಿನ ಸೊಪ್ಪು. ಬಾಟಲಿ ಒಡೆಯಬಾರದೆಂದು ಸುತ್ತ ತುಂಬುತ್ತಿದ್ದದ್ದು ಅದೇ ಕರಡ. ಡಬ್ಬ ತೆರೆದ ಕೂಡಲೇ ಮೊದಲು ಬರುತ್ತಿದ್ದದ್ದು ಹುಲ್ಲಿನ ವಾಸನೆ. ಹಪ್ಪಳ ಆಮೇಲೆ.

ಮಗಳಿಗೆ ಇದನ್ನೆಲ್ಲ ಹೇಳಲಿಲ್ಲ. ಹುಲ್ಲಿನ ಚೀಲ ಬಿಚ್ಚಿ ಸುಮ್ಮನೆ ಮೂಸಿದೆ. ನಮ್ಮ ಕರಡಕ್ಕಿಂತ ಸಿಹಿ ವಾಸನೆ.

ಅದು ತಿಮೋತಿ ಹುಲ್ಲಂತೆ. ಹದಿನೆಂಟನೆಯ ಶತಮಾನದಲ್ಲಿ ತಿಮೋತಿ ಹ್ಯಾನ್ಸನ್ ಎಂಬ ರೈತ ಅಮೆರಿಕದಲ್ಲಿ ಅದರ ಬೆಳೆಯನ್ನು ಹಬ್ಬಿಸಿದ್ದರಿಂದ ಆ ಹೆಸರು. ಒಬ್ಬ ರೈತನ ಹೆಸರು ಒಂದು ಹುಲ್ಲಿಗೆ ಉಳಿದದ್ದು ನನಗೆ ಬಹಳ ಇಷ್ಟವಾಯಿತು. ಗಿನಿಪಿಗ್ಗಿನ ಊಟದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಈ ಹುಲ್ಲೇ ಇರಬೇಕು. ಹಗಲೂ ರಾತ್ರಿ ಅದರ ಮುಂದೆ ಇದ್ದೇ ಇರಬೇಕು. ಕಾರಣ, ಅದರ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಮುಂದಿನ ಬಾಚಿಹಲ್ಲು ಮಾತ್ರವಲ್ಲ, ಒಳಗಿನ ದವಡೆಹಲ್ಲೂ. ಹುಲ್ಲನ್ನು ಅರೆದೂ ಅರೆದೂ ಅದು ಸವೆಯಬೇಕು. ಅಂದರೆ ಪೆಟ್ಟಿಗೆಯಲ್ಲಿ ಬಂದ ಚೆಂಡು, ಕಡ್ಡಿ, ಗೂಡು ಇವೆಲ್ಲ ಆಟಿಕೆ ಎನ್ನುವುದು ನಮ್ಮ ಕಣ್ಣಿಗೆ. ಅದರ ಪಾಲಿಗೆ ಎಲ್ಲವೂ ತಿಂಡಿಯೇ. ನಾಯಿಯ ಹಾಗೆ ಚೆಂಡಿನ ಹಿಂದೆ ಓಡುವ ಜಾತಿಯಲ್ಲ ಅದು. ಹೊಸದೇನಾದರೂ ಇಟ್ಟರೆ ಮೊದಲು ಮೂಲೆ ಸೇರಿ ನಡುಗುತ್ತದೆ, ಆಮೇಲೆ ಮೂಸುತ್ತದೆ, ಆಮೇಲೆ ಕಡಿದು ಹಾಕುತ್ತದೆ. ಎರಡು ದಿನದಲ್ಲಿ ಕುಂಬಳಕಾಯಿ ಚೂರು ಚೂರು. ಎಲ್ಲಕ್ಕಿಂತ ಹೆಚ್ಚು ಅವು ಆಡಿದ್ದು ಎಲ್ಲಿ ಗೊತ್ತೇ? ಖಾಲಿ ರಟ್ಟಿನ ಪೆಟ್ಟಿಗೆಯಲ್ಲಿ. ಪುಟ್ಟಿ ಅದಕ್ಕೆರಡು ಬಾಗಿಲು ಕೊರೆದು ಒಳಗಿಟ್ಟಳು. ನಮ್ಮ ಮಕ್ಕಳೂ ಹಾಗೇ ಅಲ್ಲವೇ? ಜಾತ್ರೆಯಲ್ಲಿ ಕೊಂಡ ಗೊಂಬೆಗಿಂತ ಅದು ಬಂದ ಡಬ್ಬವೇ ಹೆಚ್ಚು ದಿನ ಬಾಳುತ್ತಿತ್ತು.

ತರಕಾರಿಯೂ ಬೇಕು, ಅದರಲ್ಲೂ ದೊಣ್ಣೆ ಮೆಣಸಿನಕಾಯಿ. ನಾಯಿ, ಬೆಕ್ಕು, ಹಸುಗಳೆಲ್ಲ ತಮಗೆ ಬೇಕಾದ ಸಿ ಜೀವಸತ್ವವನ್ನು ತಮ್ಮ ಮೈಯೊಳಗೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೆ, ಮಂಗಗಳಿಗೆ, ಮತ್ತೆ ಈ ಗಿನಿಪಿಗ್ಗಿಗೆ ಆ ಶಕ್ತಿಯಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬಿಬ್ಬರು ಗಿನಿಪಿಗ್ಗುಗಳಿಗೆ ಬರೀ ಕಾಳು ತಿನ್ನಿಸಿ ನೋಡಿದಾಗ ಅವಕ್ಕೆ ನಾವಿಕರಿಗೆ ಬರುವಂಥದೇ ಸ್ಕರ್ವಿ ರೋಗ ಬಂತು. ಅದರಿಂದಲೇ ಆ ರೋಗದ ಗುಟ್ಟು ಬಿಡಿಸುವ ದಾರಿ ಸಿಕ್ಕಿತು. ಅದಕ್ಕೂ ಮುಂಚೆ 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ಕ್ರಿಮಿಯನ್ನು ಸಾಬೀತು ಮಾಡಿ ತೋರಿಸಿದ್ದೂ ಇವುಗಳ ಮೇಲೆಯೇ. ನಮ್ಮ ಚಿಕ್ಕಪ್ಪ ಕ್ಷಯದಿಂದ ಗುಣವಾಗಿ ಎಂಬತ್ತು ವರ್ಷ ಬಾಳಿದರು. ನಿಂಬೆಹಣ್ಣು ಹಿಂಡಿದ ಕೋಸಂಬರಿ ತಿನ್ನುವಾಗ ಈ ಪ್ರಾಣಿಗಳನ್ನು ನೆನೆಯಬೇಕಾದೀತು ಎಂದು ನಾನೆಂದೂ ಎಣಿಸಿರಲಿಲ್ಲ.

ಅಳಿಯಂದಿರು ಕಡಿಮೆ ಮಾತಿನವರು. ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವರಾಗಿಯೇ ಹೇಳಿದರು: ಇವು ಗಿನಿ ದೇಶದವೂ ಅಲ್ಲ, ಹಂದಿಯೂ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದವು. ಅಲ್ಲಿಯ ಜನ ಸಾವಿರಾರು ವರ್ಷಗಳ ಹಿಂದೆಯೇ ಇವನ್ನು ಸಾಕಿದರು, ಮುದ್ದಿಗಲ್ಲ, ಅಡುಗೆಗೆ. ಪೆರುವಿನಲ್ಲಿ ಈಗಲೂ ಹಬ್ಬಕ್ಕೆ ಮಾಡುತ್ತಾರೆ, ಹೆಸರು ಕುಯಿ. ಕುಸ್ಕೋ ನಗರದ ದೊಡ್ಡ ಇಗರ್ಜಿಯಲ್ಲಿ ಮಾರ್ಕೋಸ್ ಝಪಾಟಾ ಎಂಬಾತ 1753ರಲ್ಲಿ ಬರೆದ ಚಿತ್ರವೊಂದಿದೆ, ಏಸುವಿನ ಕಡೆಯ ಊಟದ್ದು. ಅದರಲ್ಲಿ ಮೇಜಿನ ನಡುವಿನ ತಟ್ಟೆಯಲ್ಲಿರುವುದು ಇದೇ ಎನ್ನುತ್ತಾರೆ. "ಅಪ್ಪಾ, ಸ್ಟಾಪ್!" ಎಂದು ಪುಟ್ಟಿ ಕಿವಿ ಮುಚ್ಚಿಕೊಂಡಳು. ನನಗೂ ತುತ್ತು ಇಳಿಯಲಿಲ್ಲ. ಆದರೆ ಯೋಚಿಸಿದರೆ, ಒಂದು ಕಡೆ ತಟ್ಟೆಯಲ್ಲಿ, ಒಂದು ಕಡೆ ಸೂಜಿಯ ಕೆಳಗೆ, ಇನ್ನೊಂದು ಕಡೆ ಹೆಸರು ಅಚ್ಚಾದ ಕಾರ್ಡಿನ ಮುಂದೆ. ಯಾವ ಮನೆಯಲ್ಲಿ ಹುಟ್ಟಿತು ಎನ್ನುವುದರ ಮೇಲೆ ಎಲ್ಲ. ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪುಟ್ಟಿಗೂ ನನಗೂ ನಡುವೆ ಮಾತು ಸಲೀಸಾಗಿರಲಿಲ್ಲ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವುದಕ್ಕೆ ಬರುವುದಿಲ್ಲ. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಆದರೆ ಅವಳ ಮೂಗಿನ ಇಂಗ್ಲಿಷ್ ಕಿವಿಗೆ ಹಿಡಿಯುವುದಿಲ್ಲ. ಮೊದಲ ಎರಡು ವಾರ "ಊಟ ಆಯ್ತಾ?", "ಆಯ್ತು" ಎನ್ನುವುದರಾಚೆ ನಾವು ಹೋಗಿರಲಿಲ್ಲ. ಗಿನಿಪಿಗ್ಗುಗಳು ಬಂದದ್ದು ಒಳ್ಳೆಯದಾಯಿತು. ಭಾನುವಾರ ಬೆಳಗ್ಗೆ ಅಡುಗೆಮನೆಯ ತಕ್ಕಡಿಯ ಮೇಲೆ ಬೋಗುಣಿಯಿಟ್ಟು, ಒಂದೊಂದನ್ನೇ ಕೂರಿಸಿ ತೂಗುವುದು, ಪುಸ್ತಕದಲ್ಲಿ ಬರೆಯುವುದು. ಬಿಸ್ಕೆಟ್ 1,040 ಗ್ರಾಂ, ದೋಸೆ 910. ಸಂಖ್ಯೆಯನ್ನು ಕನ್ನಡದಲ್ಲಿ ಹೇಳಬೇಕು ಎಂದು ನಾನು ಕರಾರು ಹಾಕಿದೆ. "ಒಂಬೈನೂರಾ... ಹತ್ತು!" ಎಂದು ಅವಳು ಕೂಗುತ್ತಿದ್ದಳು. ಖುಷಿಯಾದಾಗ ಅವು ನಿಂತಲ್ಲೇ ನಾಲ್ಕೂ ಕಾಲೆತ್ತಿ ಚಿಮ್ಮುತ್ತವೆ. ಅಲ್ಲಿ ಅದಕ್ಕೆ ಪಾಪ್‌ಕಾರ್ನ್ ಮಾಡುವುದು ಎನ್ನುತ್ತಾರೆ. ಅರಳು ಸಿಡಿಯುವುದು ಎಂದು ಹೇಳಿಕೊಟ್ಟೆ. ಅರಳು ಎಂದರೇನು ಎಂದಳು. ಭಾರತದ ಅಂಗಡಿಯಿಂದ ತರಿಸಿ ತೋರಿಸಬೇಕಾಯಿತು.

ಇನ್ನು ಹೇಳಬೇಕಾದದ್ದನ್ನು ಹೇಳಲು ನನಗೆ ಕಷ್ಟ. ಆದರೆ ಅದಕ್ಕಾಗಿಯೇ ಬರೆಯಲು ಕುಳಿತದ್ದು.

ಡಿಸೆಂಬರಿನ ಪೆಟ್ಟಿಗೆ ಕ್ರಿಸ್ಮಸ್ಸಿನದು. ಮಾಮೂಲು ಸಾಮಾನಿನ ಜೊತೆ ಹಬ್ಬದ ಉಡುಗೊರೆ ಎಂದು ಒಂದು ಪುಟ್ಟ ಪೊಟ್ಟಣ ಇತ್ತು. ಗುಲಾಬಿ, ಬಿಳಿ ಬಣ್ಣದ, ಮೊಸರು ಸಕ್ಕರೆ ಸೇರಿಸಿ ಮಾಡಿದ ಗುಳಿಗೆಗಳು. ಮಗಳು ಅದನ್ನು ನೋಡಿ, "ಇದನ್ನ ಯಾಕಾದ್ರೂ ಹಾಕ್ತಾರೋ! ಇವಕ್ಕೆ ಹಾಲು, ಸಕ್ಕರೆ ಆಗೋದೇ ಇಲ್ಲ" ಎಂದು ಮೇಲಿನ ಗೂಡಿನಲ್ಲಿಟ್ಟಳು. ಬಿಸಾಡಲಿಲ್ಲ. ನನ್ನ ಮಗಳಲ್ಲವೇ, ದುಡ್ಡು ಕೊಟ್ಟ ವಸ್ತುವನ್ನು ಬಿಸಾಡಲು ಕೈ ಬಾರದು.

ರಜೆ ಬಂತು. ನೆಂಟರು, ಸ್ನೇಹಿತರು, ನಯಾಗರಕ್ಕೆ ನನ್ನನ್ನು ಕರೆದುಕೊಂಡು ಹೋದದ್ದು, ಇದರ ನಡುವೆ ಎರಡು ಭಾನುವಾರ ತೂಗಲಿಲ್ಲ. ಆಮೇಲೆ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋಗತೊಡಗಿದರು. ಹಗಲೆಲ್ಲ ಹೊರಗೆ ಹಿಮ, ಒಳಗೆ ನಾನು ಮತ್ತು ಅವೆರಡು. ದೋಸೆ ಹುಲ್ಲನ್ನು ಬಿಡುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಬಾಯಿಗೆ ಎಳೆದುಕೊಳ್ಳುತ್ತದೆ, ಎರಡು ಸಲ ಅಗಿಯುತ್ತದೆ, ಬಿಡುತ್ತದೆ. ಬಾಯಿ ಕೆಟ್ಟಿದೆ ಪಾಪ, ದಿನಾ ಹುಲ್ಲು ತಿಂದರೆ ಯಾರಿಗೆ ಬೇಸರವಾಗುವುದಿಲ್ಲ ಎಂದುಕೊಂಡೆ. ಕುರ್ಚಿ ಹತ್ತಿ ಮೇಲಿನ ಗೂಡಿನಿಂದ ಪೊಟ್ಟಣ ತೆಗೆದು ಒಂದು ಗುಳಿಗೆ ಕೊಟ್ಟೆ. ಮುಂಗಾಲನ್ನು ನನ್ನ ಅಂಗೈ ಮೇಲಿಟ್ಟು ತಿಂದಿತು. ಮರುದಿನ ಎರಡು ಕೊಟ್ಟೆ. ನಾನು ಹೋದರೆ ಸಾಕು, ಸೀಟಿ ಹೊಡೆದುಕೊಂಡು ಓಡಿ ಬರತೊಡಗಿತು. ಮನೆಯಲ್ಲಿ ನಾನು ಬಂದೆನೆಂದು ಓಡಿ ಬರುವವರು ಬೇರೆ ಯಾರಿದ್ದರು ಹೇಳಿ? ಹತ್ತು ದಿನ ಹೀಗೇ ನಡೆಯಿತು. ಅದು ಹುಲ್ಲು ಬಿಟ್ಟದ್ದನ್ನೂ ಯಾರಿಗೂ ಹೇಳಲಿಲ್ಲ, ಗುಳಿಗೆ ಕೊಟ್ಟದ್ದನ್ನೂ ಹೇಳಲಿಲ್ಲ.

ಹನ್ನೊಂದನೆಯ ದಿನ ದೋಸೆ ಗುಳಿಗೆಯನ್ನೂ ಮುಟ್ಟಲಿಲ್ಲ. ಮೈ ಉಬ್ಬಿಸಿಕೊಂಡು ಸುರಂಗದೊಳಗೆ ಕುಳಿತಿತ್ತು. ಸಂಜೆ ಮಗಳು ನೋಡಿ, ಹಿಕ್ಕೆ ಹಾಕಿಲ್ಲ ಎಂದು ಗಾಬರಿಯಾದಳು. ತೂಗಿದರೆ 760 ಗ್ರಾಂ. ಒಂಬೈನೂರಾ ಹತ್ತು ಇದ್ದದ್ದು! ಇಂಥ ಸಣ್ಣ ಪ್ರಾಣಿಗಳನ್ನು ನೋಡುವ ವೈದ್ಯರೇ ಬೇರೆ. ನಲವತ್ತು ನಿಮಿಷದ ದಾರಿ. ನಾನೂ ಹೋದೆ. ಆಕೆ ಒಂದು ಸಣ್ಣ ದೀಪದ ಕೊಳವೆಯಿಂದ ಬಾಯೊಳಗೆ ನೋಡಿ ಹೇಳಿದರು: ಕೆಳಗಿನ ದವಡೆಹಲ್ಲುಗಳು ಎರಡೂ ಕಡೆಯಿಂದ ಬೆಳೆದು ನಾಲಿಗೆಯ ಮೇಲೆ ಕಮಾನಿನಂತೆ ಬಾಗಿವೆ, ನುಂಗಲು ಆಗುತ್ತಿಲ್ಲ. ಇದು ಒಂದೆರಡು ದಿನದ್ದಲ್ಲ, ವಾರಗಳದ್ದು. ಕರುಳೂ ನಿಂತುಬಿಟ್ಟಿದೆ. ಬೇಟೆಗೆ ಸಿಗುವ ಪ್ರಾಣಿಗಳು ನೋವನ್ನು ತೋರಿಸಿಕೊಳ್ಳುವುದಿಲ್ಲ. ತೋರಿಸಿದರೆ ಕಾಡಿನಲ್ಲಿ ಉಳಿಗಾಲವಿಲ್ಲವಲ್ಲ. ಮೊದಲ ಗುರುತು ಎಂದರೆ ಹುಲ್ಲು ಬಿಡುವುದು, ಮೆತ್ತಗಿನದನ್ನು ಮಾತ್ರ ತಿನ್ನುವುದು. "ಹಾಗೇನಾದರೂ ಗಮನಿಸಿದ್ದಿರಾ? ಬೇರೆ ಏನಾದರೂ ತಿಂದಿತ್ತೇ?" ಎಂದು ಕೇಳಿದರು.

ಮಗಳು ಇಲ್ಲ ಎಂದಳು. ನಾನು ಕೈಚೀಲದ ಹಿಡಿಯನ್ನು ನೋಡುತ್ತಾ ಕುಳಿತೆ. ಅಷ್ಟು ಇಂಗ್ಲಿಷ್ ನನಗೆ ಅರ್ಥವಾಗಿತ್ತು.

ಮತ್ತು ಬರಿಸಿ ಹಲ್ಲು ತೇದರು. ಬಿಲ್ಲು ಎಷ್ಟಾಯಿತೆಂದು ಈ ಸಲ ನಾನು ಕೇಳಲಿಲ್ಲ, ಗುಣಿಸಲೂ ಇಲ್ಲ. ಹುಲ್ಲಿನ ಹಿಟ್ಟನ್ನು ನೀರಿನಲ್ಲಿ ಕಲೆಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಮೂರು ಮೂರು ಗಂಟೆಗೊಮ್ಮೆ ಕುಡಿಸಬೇಕೆಂದು ಹೇಳಿ ಮನೆಗೆ ಕಳಿಸಿದರು. ರಾತ್ರಿಯ ಸರದಿ ನಾನು ತೆಗೆದುಕೊಂಡೆ. ಮಕ್ಕಳಿಗೆ ಹರಳೆಣ್ಣೆ ಕುಡಿಸಿದ ಕೈ, ಅದಕ್ಕೆ ಮರೆತಿರಲಿಲ್ಲ. ಟವೆಲಿನಲ್ಲಿ ಸುತ್ತಿ, ಕಟವಾಯಿಯಿಂದ ತೊಟ್ಟು ತೊಟ್ಟಾಗಿ ಬಿಡುವುದು, ನುಂಗುವವರೆಗೆ ಕಾಯುವುದು. ಎರಡನೆಯ ರಾತ್ರಿ ಎರಡು ಗಂಟೆಗೆ ಪುಟ್ಟಿ ಎದ್ದು ಬಂದು ನನ್ನ ಪಕ್ಕ ನೆಲದ ಮೇಲೆ ಕುಳಿತಳು. ಆಗ ಹೇಳಿಬಿಟ್ಟೆ. ಕನ್ನಡದಲ್ಲೇ ಹೇಳಿದೆ. ಹುಲ್ಲು ಬಿಟ್ಟದ್ದನ್ನು ನೋಡಿದ್ದೆ, ಸುಮ್ಮನಿದ್ದೆ, ಕದ್ದು ಸಿಹಿ ಕೊಟ್ಟೆ ಎಂದೆ.

ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಎಷ್ಟು ದಿನ?" ಎಂದಳು.

"ಹತ್ತು ದಿನ."

"ಯಾಕೆ ಹೇಳಿಲ್ಲ?"

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ನಾನು ಹೋದರೆ ಓಡಿ ಬರುತ್ತಿತ್ತು, ಅದು ತಪ್ಪಿಹೋಗುತ್ತದೆಂದು ಹೇಳಲಿಲ್ಲ ಎಂದು ಒಂಬತ್ತು ವರ್ಷದ ಹುಡುಗಿಗೆ ಹೇಗೆ ಹೇಳಲಿ? ಅವಳು ಅಳಲಿಲ್ಲ, ಬೈಯಲಿಲ್ಲ. ಸಿರಿಂಜನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಕುಡಿಸಿದಳು. ಮರುದಿನ ಶಾಲೆಗೆ ಹೋಗುವಾಗ ನನಗೆ ಟಾಟಾ ಮಾಡಲಿಲ್ಲ.

ನಾಲ್ಕನೆಯ ದಿನ ಬೆಳಗಿನ ಜಾವ ದೋಸೆ ನನ್ನ ತೊಡೆಯ ಮೇಲೆಯೇ ಹೋಯಿತು. ಹಲ್ಲಿನಿಂದಲೇ ಹೋಗುತ್ತಿತ್ತೋ, ಸಕ್ಕರೆ ಸೇರಿ ಕರುಳು ಕೆಟ್ಟಿತೋ, ಹತ್ತು ದಿನ ಮುಂಚೆ ಹೇಳಿದ್ದರೆ ಉಳಿಯುತ್ತಿತ್ತೋ. "ಎರಡೂ ಇರಬಹುದು, ನಿಮ್ಮನ್ನು ದೂಷಿಸಿಕೊಳ್ಳಬೇಡಿ" ಎಂದು ವೈದ್ಯರು ಮಗಳಿಗೆ ಫೋನಿನಲ್ಲಿ ಹೇಳಿದರಂತೆ. ದೂಷಿಸಿಕೊಳ್ಳಬೇಡಿ ಎಂದು ಹೇಳುವುದು ಅವರ ಒಳ್ಳೆಯತನ. ಮಗಳಿಗೂ ಹೇಳಿದೆ. "ಹೋಗಲಿ ಬಿಡಮ್ಮ, ನಾವೂ ತೂಗಲಿಲ್ಲವಲ್ಲ" ಎಂದಳು. ಅವಳ ಕಣ್ಣು ಕೆಂಪಾಗಿತ್ತು.

ಹಿಂದಿನ ಅಂಗಳದಲ್ಲಿ ಹಿಮ ಸರಿಸಿ ನೋಡಿದರೆ ನೆಲ ಕಲ್ಲಾಗಿತ್ತು. ಅಳಿಯಂದಿರು ಪಾತ್ರೆ ಪಾತ್ರೆ ಬಿಸಿನೀರು ಸುರಿದು ಒಂದು ಗಂಟೆ ಅಗೆದರು. ಡಿಸೆಂಬರಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಮಲಗಿಸಿ, ಮೇಲೆ ಒಣಗಿದ ಗುಲಾಬಿ ಪಕಳೆ ಹರಡಿ ಹೂಳಿದೆವು.

ಫೆಬ್ರವರಿಯ ಪೆಟ್ಟಿಗೆ ತಾರೀಖು ತಪ್ಪದೆ ಬಂತು. ಬಿಸ್ಕೆಟ್ ಮತ್ತು ವ್ಯಾಫಲ್ ಅವರಿಗೆ, ಪ್ರೀತಿಯಿಂದ. ಕೆಂಪು ಹೃದಯದ ಆಕಾರದ ಎರಡು ಹುಲ್ಲಿನ ಬಿಸ್ಕತ್ತು. ಮಗಳು ಚಂದಾ ನಿಲ್ಲಿಸುತ್ತೇನೆಂದು ಗಣಕಯಂತ್ರದ ಮುಂದೆ ಕುಳಿತಳು. ಸೇರುವುದಕ್ಕೆ ಒಂದು ಗುಂಡಿ ಒತ್ತಿದರೆ ಸಾಕಾಗಿತ್ತಂತೆ. ಬಿಡುವುದಕ್ಕೆ ಏಳು ಪ್ರಶ್ನೆ. ಯಾಕೆ ಬಿಡುತ್ತೀರಿ ಎಂಬ ಪ್ರಶ್ನೆಗೆ ಬೆಲೆ ಹೆಚ್ಚಾಯಿತು, ಇಷ್ಟವಾಗಲಿಲ್ಲ ಎಂಬ ಉತ್ತರಗಳಿದ್ದವೇ ಹೊರತು ಸತ್ತುಹೋಯಿತು ಎಂಬುದಿರಲಿಲ್ಲ. ಅಷ್ಟರಲ್ಲಿ ಪುಟ್ಟಿ ಬಂದು, "ಬೇಡ. ಬಿಸ್ಕೆಟ್ ಇದಾಳಲ್ಲ" ಎಂದಳು. ಹೆಸರನ್ನಾದರೂ ತೆಗೆಸುತ್ತೇನೆ ಎಂದರೆ ಅದಕ್ಕೂ ಒಪ್ಪಲಿಲ್ಲ. ಕಾರ್ಡನ್ನು ತನ್ನ ಕೋಣೆಗೆ ಒಯ್ದಳು.

ನಮ್ಮಮ್ಮ ತೀರಿಕೊಂಡದ್ದು 1989ರಲ್ಲಿ. ಸಂಜೆ ಐದೂವರೆಗೆ ಸಾಗರದ ಬಸ್ಸು ಬರುವ ಹೊತ್ತಿಗೆ ನನಗೆ ಒಳಗೊಳಗೇ ಏನೋ ಆಗುತ್ತಿತ್ತು. ಒಂದು ದಿನ ಹೋಗಿಯೂ ಬಿಟ್ಟೆ. ಕಂಡಕ್ಟರರು ನನ್ನನ್ನು ಗುರುತಿಸಿ, "ಏನೂ ಕೊಟ್ಟಿಲ್ಲಮ್ಮ ಇವತ್ತು" ಎಂದರು. ಅವರಿಗೆ ಗೊತ್ತಿರಲಿಲ್ಲ. ಸರಿ ಎಂದು ಬಂದೆ. ಪುಟ್ಟಿ ಕಾರ್ಡು ಹಿಡಿದು ಮೆಟ್ಟಿಲೇರಿದಾಗ ಇದು ನೆನಪಾಯಿತು. ಅವಳ ಕೋಣೆಯವರೆಗೆ ಹೋಗಿ, ಬಾಗಿಲು ತಟ್ಟದೆ ಹಿಂದೆ ಬಂದೆ.

ಬಿಸ್ಕೆಟ್ ಒಂಟಿಯಾಯಿತು. ಸೀಟಿ ಹೊಡೆಯುವುದನ್ನು ನಿಲ್ಲಿಸಿತು. ಇವು ಗುಂಪಿನಲ್ಲಿ ಬಾಳುವ ಜೀವಿಗಳು. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಗಿನಿಪಿಗ್ಗನ್ನು ಒಂಟಿಯಾಗಿ ಸಾಕಬಾರದೆಂದು ಕಾಯಿದೆಯೇ ಇದೆಯೆಂದು ಮಗಳು ಹೇಳಿದಳು. ಮನುಷ್ಯರ ಮುದುಕಿಯರಿಗೂ ಅಂಥದೊಂದು ಕಾಯಿದೆ ಮಾಡಬಾರದೇ ಎನ್ನಿಸಿತು, ಆದರೆ ಅಲ್ಲಿ ಹೇಳಲಿಲ್ಲ. ಮಾರ್ಚಿಯಲ್ಲಿ, ನಾನು ಹೊರಡುವುದಕ್ಕೆ ಎರಡು ವಾರ ಮುಂಚೆ, ಬಿಟ್ಟುಹೋದ ಪ್ರಾಣಿಗಳನ್ನಿಟ್ಟುಕೊಳ್ಳುವ ಆಶ್ರಯದಿಂದ ಇನ್ನೊಂದನ್ನು ತಂದರು. ಮೈಯೆಲ್ಲ ಸುಳಿ ಸುಳಿ ಕೂದಲು, ಕಂದು ಬಣ್ಣ. ಯಾರೋ ಕ್ರಿಸ್ಮಸ್ಸಿಗೆ ಮಕ್ಕಳಿಗೆಂದು ಕೊಂಡು, ಎರಡು ತಿಂಗಳಿಗೆ ಬೇಡವಾಗಿ ಬಿಟ್ಟು ಹೋದದ್ದು. ಹೆಸರೇನಿಡುತ್ತೀ ಎಂದು ಮಗಳು ಕೇಳಿದಳು. ಪುಟ್ಟಿ ನನ್ನ ಕಡೆ ನೋಡಿದಳು. ಜನವರಿಯ ಮೇಲೆ ಅವಳು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಅಜ್ಜಿ ಹೇಳ್ಲಿ" ಎಂದಳು.

ಗುಂಡು ಗುಂಡಾಗಿ, ಅಲ್ಲಲ್ಲಿ ಕಂದಾಗಿ ಕಂಡದ್ದರಿಂದ ಪಡ್ಡು ಎಂದೆ. ಡಕಾರ ಅವಳ ಬಾಯಿಗೆ ಬರಲು ನಾಲ್ಕು ದಿನ ಬೇಕಾಯಿತು.

ಈಗ ತಿಂಗಳಿಗೊಮ್ಮೆ, ಅಲ್ಲಿಯ ಭಾನುವಾರ ಬೆಳಗ್ಗೆ, ನಮಗೆ ಸಂಜೆ ದೀಪ ಹಚ್ಚುವ ಹೊತ್ತು, ವಿಡಿಯೋ ಕರೆ ಬರುತ್ತದೆ. ಪೆಟ್ಟಿಗೆ ತೆರೆಯುವುದು ನಾನು ನೋಡುತ್ತಿರುವಾಗಲೇ ಆಗಬೇಕು. ಕಾರ್ಡಿನಲ್ಲಿ ಈಗ ಮೂರು ಹೆಸರು. ಒಂದೊಂದೇ ಸಾಮಾನನ್ನು ಎತ್ತಿ ತೋರಿಸಿ ಕನ್ನಡದಲ್ಲಿ ಏನೆಂದು ಕೇಳುತ್ತಾಳೆ. ಆಮೇಲೆ ತೂಕ. ಗ್ರಾಂ ಗ್ರಾಂ ಸಹಿತ ಕೂಗುತ್ತಾಳೆ, ನಾನು ಇಲ್ಲಿ ಕ್ಯಾಲೆಂಡರಿನ ಆ ತಾರೀಖಿನ ಚೌಕದಲ್ಲಿ ಬರೆದುಕೊಳ್ಳುತ್ತೇನೆ. ಹೋದ ತಿಂಗಳು ಸಾಮಾನಿನ ನಡುವೆ ಮತ್ತೆ ಆ ಗುಲಾಬಿ ಗುಳಿಗೆಯ ಪೊಟ್ಟಣ ಬಂದಿತ್ತು. ಪುಟ್ಟಿ ಅದನ್ನು ಎತ್ತಿ ಕ್ಯಾಮೆರಾದ ಹತ್ತಿರ ಹಿಡಿದಳು.

"ಅಜ್ಜಿ, ಇದನ್ನ ಏನು ಮಾಡ್ಲಿ?"

"ಕಸದ ಬುಟ್ಟಿಗೆ ಹಾಕು" ಎಂದೆ.

ಅವಳು ಎದ್ದು ಹೋದಳು. ಮುಚ್ಚಳ ಬಿದ್ದ ಸದ್ದು ಕೇಳಿತು. ಹಿಂದೆಯೇ, ಫ್ರಿಜ್ಜಿನ ಬಾಗಿಲು ತೆಗೆದರೆಂದು ತಿಳಿದು ಬಿಸ್ಕೆಟ್ಟೂ ಪಡ್ಡುವೂ ಒಟ್ಟಿಗೆ ಸೀಟಿ ಹೊಡೆಯತೊಡಗಿದವು.